ಮಗುವಿನ ಮುಖ ತೋರಿಸಬಾರದ ವೃತ್ತಿ



ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದವರು ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ವೇದಿಕೆಯ ಮೇಲೆ ತಮ್ಮ ಹೆಸರು ಹೇಳಕೂಡದು, ಬ್ಯಾನರಿನಲ್ಲಿ ಫೋಟೊ ಹಾಕಕೂಡದು ಎಂದು ಷರತ್ತು ಹಾಕಿದ್ದಾರಂತೆ. ದಾನಿಗಳ ಗುಣಗಾನಕ್ಕೆ ಹತ್ತು ನಿಮಿಷ ಮೀಸಲಿಡುವುದು ನಮ್ಮ ಸಭೆಗಳ ವಾಡಿಕೆ. ಆ ಹತ್ತು ನಿಮಿಷವನ್ನೂ ಅವರು ನನಗೇ ಬಿಟ್ಟುಕೊಟ್ಟಂತಾಯಿತು. ಕೃತಜ್ಞತೆ ಹೇಳಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮಕ್ಕಳ ರಕ್ಷಣೆಯಲ್ಲಿ ತೊಡಗಿದ ಸಮಾಜಕಾರ್ಯ ವೃತ್ತಿಯ ಬಗ್ಗೆ ಜನ ಏನು ತಿಳಿದುಕೊಂಡಿದ್ದಾರೆ, ಯಾಕೆ ಹಾಗೆ ತಿಳಿದುಕೊಂಡಿದ್ದಾರೆ ಎನ್ನುವುದು ಇವತ್ತಿನ ಮಾತು. ಇದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಿಂದ ಶುರು ಮಾಡುವುದು ಒಳ್ಳೆಯದು. ರಕ್ಷಣೆ ಬೇಡಿ ಬಂದ ಮಗು, ಕಾನೂನಿನ ಜೊತೆ ಸಂಘರ್ಷಕ್ಕೆ ಸಿಕ್ಕ ಮಗು, ದೌರ್ಜನ್ಯಕ್ಕೆ ಒಳಗಾದ ಇಲ್ಲವೇ ಸಾಕ್ಷಿಯಾದ ಮಗು, ಇವರಲ್ಲಿ ಯಾರದೇ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹತ್ತಬಹುದಾದ ಮತ್ತಾವ ವಿವರವನ್ನೂ ಯಾವ ಮಾಧ್ಯಮವೂ ಪ್ರಕಟಿಸುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೋಕ್ಸೊ ಕಾಯ್ದೆಯಲ್ಲೂ ಇಂಥದೇ ನಿರ್ಬಂಧವಿದೆ. ನಿಯಮ ಸರಿಯಾಗಿಯೇ ಇದೆ. ಒಮ್ಮೆ ಊರವರ ಬಾಯಿಗೆ ಬಿದ್ದ ಹುಡುಗಿ ಅದೇ ಊರಿನ ಶಾಲೆಗೆ ತಲೆಯೆತ್ತಿ ಹೋಗುವುದು ಎಷ್ಟು ಕಷ್ಟವೆಂದು ಇಲ್ಲಿರುವ ಶಿಕ್ಷಕರಿಗೆ ಗೊತ್ತು.

ಆದರೆ ಈ ನಿಯಮದಿಂದ ವೃತ್ತಿಗೆ ಒಂದು ವಿಚಿತ್ರ ಸ್ಥಿತಿ ಬಂದಿದೆ. ವೈದ್ಯರಿಗೆ ವಾಸಿಯಾದ ರೋಗಿಯೇ ಪ್ರಚಾರ. ಶಿಕ್ಷಕರಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶ ಇದೆ. ಎಂಜಿನಿಯರ್ ತಾನು ಕಟ್ಟಿದ ಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಮಕ್ಕಳ ರಕ್ಷಣೆಯವರು ತಾವು ಉಳಿಸಿದ ಮಗುವನ್ನು ತೋರಿಸುವಂತಿಲ್ಲ, ಹೆಸರಿಸುವಂತಿಲ್ಲ. ಅದರ ಕಥೆಯನ್ನು ಪೂರ್ತಿ ಹೇಳಿದರೂ ಗುರುತು ಸಿಕ್ಕಿಬಿಡುತ್ತದೆ. ಮೇಲಾಗಿ, ಈ ಕೆಲಸ ಚೆನ್ನಾಗಿ ನಡೆದರೆ ಏನೂ ನಡೆಯುವುದಿಲ್ಲ. ಪೆಟ್ಟು ಬೀಳಬೇಕಿದ್ದ ಮಗುವಿಗೆ ಬೀಳಲಿಲ್ಲ, ಓಡಿಹೋಗಬೇಕಿದ್ದ ಹುಡುಗ ಓಡಿಹೋಗಲಿಲ್ಲ. ಯಾವ ವರದಿಗಾರರು ಇದನ್ನು ಸುದ್ದಿ ಮಾಡಿಯಾರು? ಕೆಟ್ಟಾಗ ಮಾತ್ರ ಸುದ್ದಿ, ಅದೂ ಮುಖಪುಟಕ್ಕೆ.

ಹೀಗೆ ತಾನೇ ತನ್ನ ಕೆಲಸವನ್ನು ತೋರಿಸಲಾರದ ವೃತ್ತಿಯ ಚಿತ್ರವನ್ನು ಬೇರೆಯವರು ಬರೆಯುತ್ತಾರೆ. ಜಿಲ್ಲಾ ಪುಟಗಳಲ್ಲಿ ಬರುವ ಒಂದು ಫೋಟೊ ನೆನಪಿಸಿಕೊಳ್ಳಿ. ಇಟ್ಟಿಗೆ ಗೂಡಿನಲ್ಲೋ ಗ್ಯಾರೇಜಿನಲ್ಲೋ ದಾಳಿ ಮಾಡಿ ಬಾಲಕಾರ್ಮಿಕರನ್ನು ಬಿಡಿಸಿದ ಸುದ್ದಿ. ಮುಂದಿನ ಸಾಲಿನಲ್ಲಿ ಕೂತ ಮಕ್ಕಳ ಮುಖ ಮಸುಕು, ಹಿಂದೆ ಸಾಲಾಗಿ ನಿಂತ ಅಧಿಕಾರಿಗಳ ಮುಖ ಸ್ಪಷ್ಟ. ಕಾನೂನು ಪಾಲನೆಯಾಗಿದೆ, ತಪ್ಪು ಹುಡುಕಲಾಗದು. ಆದರೆ ಆ ಮಕ್ಕಳು ಮಾರನೆಯ ದಿನ ಎಲ್ಲಿದ್ದರು, ಆ ವಾರ ಮನೆಯ ಸಂತೆ ಹೇಗೆ ನಡೆಯಿತು, ಮುಂಗಡವಾಗಿ ತೆಗೆದುಕೊಂಡ ಹಣವನ್ನು ಅಪ್ಪ ಯಾರಿಗೆ ಹೇಗೆ ತೀರಿಸಿದ ಎನ್ನುವುದು ಆ ಫೋಟೊದೊಳಗೆ ಬರುವುದಿಲ್ಲ. ನನ್ನ ಆತಂಕವೂ ಇದೇ. ಹೊರಗಿನವರು ಬರೆದ ಚಿತ್ರವನ್ನು ನೋಡುತ್ತ ನೋಡುತ್ತ ವೃತ್ತಿ ತಾನೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಫೋಟೊಗೆ ಸಿಗುವ ಕೆಲಸ ಬೆಳೆಯುತ್ತದೆ, ಸಿಗದ ಕೆಲಸ ಬಾಡುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಎಲ್ಲರೂ ಕಂಡ ಉದಾಹರಣೆ ಬಾಲ್ಯವಿವಾಹ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇಂಥ ಮದುವೆಯನ್ನು ರದ್ದು ಮಾಡಿಸಿಕೊಳ್ಳುವ ಅವಕಾಶವನ್ನಷ್ಟೇ ಕೊಟ್ಟಿತ್ತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯ ವರದಿಯ ನಂತರ ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಯಿತು. 2016ರ ತಿದ್ದುಪಡಿಯಿಂದ ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ನಿಷೇಧಾಧಿಕಾರಿಗಳಿಗೂ ಇಲ್ಲಿ ಕೊರತೆಯಿಲ್ಲ. ಸಿಡಿಪಿಒ, ತಹಶೀಲ್ದಾರ್, ಪಿಡಿಒ, ಕಂದಾಯ ನಿರೀಕ್ಷಕ, ಮುಖ್ಯೋಪಾಧ್ಯಾಯ, ಹೀಗೆ ಊರಿನಲ್ಲಿ ಸರ್ಕಾರಿ ಸಂಬಳ ತೆಗೆದುಕೊಳ್ಳುವ ಅನೇಕರಿಗೆ ಆ ಅಧಿಕಾರವಿದೆ. ಇಷ್ಟು ಜನ ಅಧಿಕಾರಿಗಳಿದ್ದೂ ಮದುವೆಯ ಹಿಂದಿನ ಸಂಜೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವುದು ಹೆಚ್ಚಾಗಿ ಹುಡುಗಿಯ ಗೆಳತಿ, ಇಲ್ಲವೇ ಹೆಸರು ಹೇಳಲೊಲ್ಲದ ಅಂಗನವಾಡಿ ಟೀಚರ್.

ಫೋನ್ ಬಂದ ಮೇಲಿನ ದೃಶ್ಯ ನಿಮಗೆ ಗೊತ್ತು. ಜೀಪು ಬರುತ್ತದೆ. ಚಪ್ಪರ ಹಾಕಿಯಾಗಿದೆ, ಅರಿಶಿನ ಹಚ್ಚಿಯಾಗಿದೆ, ಸಾಲ ತಂದ ಅಕ್ಕಿ ಬೇಳೆ ಅಡುಗೆ ಮನೆಯಲ್ಲಿದೆ. ಶಾಲೆಯ ದಾಖಲಾತಿ ತೆಗೆದು ವಯಸ್ಸು ನೋಡುತ್ತಾರೆ. ಆಧಾರ್ ಕಾರ್ಡಿನಲ್ಲಿ ಬೇರೆ ವರ್ಷ ಇರುವುದುಂಟು, ಅದರ ಮೇಲೊಂದು ಜಗಳ. ಹಿರಿಯರು ಸೇರುತ್ತಾರೆ, ಅಜ್ಜಿ ಎದೆ ಬಡಿದುಕೊಳ್ಳುತ್ತಾಳೆ, ಗಂಡಿನ ಕಡೆಯವರು ಮೆಲ್ಲಗೆ ಟ್ರ್ಯಾಕ್ಸ್ ಹತ್ತುತ್ತಾರೆ. ಕೊನೆಗೆ, ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ಮುಚ್ಚಳಿಕೆ. ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ ಬಾಲಮಂದಿರಕ್ಕೆ ಕರೆದೊಯ್ಯುವುದೂ ಉಂಟು. ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು: ಬಾಲ್ಯವಿವಾಹಕ್ಕೆ ತಡೆ. ಇಲಾಖೆಯ ತಿಂಗಳ ವರದಿಯಲ್ಲಿ ಒಂದು ಅಂಕಿ ಏರಿತು. ಊರಿನಲ್ಲಿ ಮಾತ್ರ ಬಂದು ಹೋದವರು ಮನೆ ಮುರುಕರು.

ಇಲ್ಲಿಗೆ ಸುದ್ದಿ ಮುಗಿಯಿತು, ಕೆಲಸ ಶುರುವಾಗುವುದು ಇಲ್ಲಿಂದ. ಹದಿನೈದು ದಿನದೊಳಗೆ ಸಾಮಾಜಿಕ ತನಿಖಾ ವರದಿ ಸಮಿತಿಯ ಕೈ ಸೇರಬೇಕು. ಯಾಕೆ ಈಗಲೇ ಮದುವೆ? ಹುಡುಗಿ ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿದ್ದಾಳೋ? ಹೈಸ್ಕೂಲು ದೂರ, ಬಸ್ಸಿಲ್ಲವೋ? ತಂದೆ ತಾಯಿ ಕಬ್ಬು ಕಡಿಯಲು ಆರು ತಿಂಗಳು ಗುಳೆ ಹೋದಾಗ ವಯಸ್ಸಿಗೆ ಬಂದ ಮಗಳನ್ನು ಎಲ್ಲಿ ಬಿಡುವುದೆಂಬ ಭಯವೋ? ಅಕ್ಕನ ಮದುವೆಯ ಚಪ್ಪರದಲ್ಲೇ ತಂಗಿಯದನ್ನೂ ಮುಗಿಸಿದರೆ ಖರ್ಚು ಉಳಿಯಿತೆಂಬ ಲೆಕ್ಕವೋ? ಒಂದೊಂದಕ್ಕೂ ಉತ್ತರ ಬೇರೆ. ಹಾಸ್ಟೆಲ್ ಸೀಟು, ಮರುಪರೀಕ್ಷೆಯ ಫೀಸು, ಒಂದು ಬಸ್ ಪಾಸು, ಕೆಲವೊಮ್ಮೆ ಪ್ರಾಯೋಜಕತ್ವ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ. ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳಿಗೊಮ್ಮೆಯಾದರೂ ಆ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಬರುವ ಒಬ್ಬರು. ಅವರು ಇಲ್ಲದ ಕಡೆ ಮುಚ್ಚಳಿಕೆಯ ಶಾಯಿ ಒಣಗುವ ಮೊದಲೇ ಗಡಿಯಾಚೆಯ ಯಾವುದೋ ಗುಡಿಯಲ್ಲಿ ತಾಳಿ ಬಿದ್ದಿರುತ್ತದೆ. ಆ ಮದುವೆಗೆ ಪತ್ರಿಕೆ ಇಲ್ಲ, ವಾಲಗ ಇಲ್ಲ, ಆದ್ದರಿಂದ ಫೋನೂ ಬರುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿ ಹೇಳುತ್ತೇನೆ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹದಿನೆಂಟಕ್ಕೆ ಮೊದಲೇ ಮದುವೆಯಾಗಿದ್ದವರು 2015–16ರಲ್ಲಿ ಶೇ 21.4. 2019–21ರ ಸಮೀಕ್ಷೆಯಲ್ಲಿ ಶೇ 21.3. ತಿದ್ದುಪಡಿಯ ಫಲ ಈ ಲೆಕ್ಕಕ್ಕೆ ಬರಲು ಕೆಲವು ವರ್ಷ ಬೇಕು ಎಂದು ವಾದಿಸಬಹುದು, ಆ ವಾದದಲ್ಲಿ ಹುರುಳೂ ಇದೆ. ಆದರೂ ಜೀಪು, ಮುಚ್ಚಳಿಕೆ, ನಾಲ್ಕು ಸಾಲಿನ ಸುದ್ದಿಯಿಂದಲೇ ಈ ಸಂಖ್ಯೆ ಕರಗುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ. ಮದುವೆ ನಿಲ್ಲಿಸುವುದು ಪೊಲೀಸರೂ ಮಾಡಬಲ್ಲ ಕೆಲಸ. ನಿಂತ ಮದುವೆ ನಿಂತೇ ಇರುವಂತೆ ನೋಡಿಕೊಳ್ಳುವುದಕ್ಕೆ ಸಮಾಜಕಾರ್ಯ ಬೇಕು, ಅದಕ್ಕೆ ನಮ್ಮ ಮಾಸಿಕ ವರದಿಯ ನಮೂನೆಯಲ್ಲಿ ಅಂಕಣವೇ ಇರುವುದಿಲ್ಲ.

ಇನ್ನೊಂದು ಚಿತ್ರ ದಾನದ್ದು. ಬಾಲಮಂದಿರಕ್ಕೆ ಕೇಕ್ ತಂದು ತಮ್ಮ ಮಗುವಿನ ಹುಟ್ಟುಹಬ್ಬ ಆಚರಿಸುವವರನ್ನು ನೀವು ಬಲ್ಲಿರಿ, ಬಹುಶಃ ನಿಮ್ಮಲ್ಲೇ ಕೆಲವರು ಇದ್ದೀರಿ. ಮನಸ್ಸು ಒಳ್ಳೆಯದೇ. ಆದರೆ ತಮ್ಮ ಹುಟ್ಟಿದ ದಿನ ಯಾವುದೆಂದೇ ಗೊತ್ತಿಲ್ಲದ ಮಕ್ಕಳು ಸಾಲಾಗಿ ನಿಂತು ಅಪರಿಚಿತ ಮಗುವಿಗೆ ಚಪ್ಪಾಳೆ ತಟ್ಟುವುದನ್ನು ಒಮ್ಮೆ ಅವರ ಕಡೆಯಿಂದ ನೋಡಿ. ಅಲ್ಲಿರುವ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ತಾಯಿಯೋ ತಂದೆಯೋ ಇದ್ದಾರೆ. ಮನೆಯಲ್ಲಿ ಸಾಕಲಾಗದ್ದಕ್ಕೆ ಇಲ್ಲಿದ್ದಾರೆ. ಸಂಸ್ಥೆಯಲ್ಲಿ ಇಡುವುದು ಕೊನೆಯ ಉಪಾಯವಾಗಿರಬೇಕು ಎಂದು ಬಾಲನ್ಯಾಯ ಕಾಯ್ದೆಯ ಮೂರನೇ ಕಲಂ ಹೇಳುತ್ತದೆ. ಒಂದು ಕೇಕಿನ ಖರ್ಚಿಗೆ ಇನ್ನಷ್ಟು ಸೇರಿಸಿ ಆ ತಾಯಿಗೆ ಹೊಲಿಗೆ ಯಂತ್ರ ಕೊಡಿಸಿದರೆ ಮಗು ಮನೆಯಲ್ಲೇ ಇರಬಹುದು. ಆ ಫೋಟೊದಲ್ಲಿ ಮಾತ್ರ ದಾನಿ ಇರುವುದಿಲ್ಲ.

ಸಮಾಜಕಾರ್ಯ ಎಂದರೆ ಸೇವೆ, ಸೇವೆ ಎಂದರೆ ಒಳ್ಳೆಯ ಮನಸ್ಸು, ಒಳ್ಳೆಯ ಮನಸ್ಸಿಗೆ ತರಬೇತಿ ಯಾಕೆ, ಸಂಬಳ ಯಾಕೆ? ಈ ಸರಪಳಿ ನಮ್ಮಲ್ಲಿ ಗಟ್ಟಿಯಾಗಿದೆ. ಭಾರತದಲ್ಲಿ ಈ ವಿದ್ಯೆ ತರಗತಿಯ ಒಳಗೆ ಬಂದದ್ದು 1936ರಲ್ಲಿ. ಮುಂಬೈಯ ನಾಗಪಾಡಾದಲ್ಲಿ ಕೆಲಸ ಮಾಡುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಮಿಷನರಿಯ ಮುತುವರ್ಜಿಯಿಂದ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ ತೆರೆಯಿತು. ಅದೇ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಇದನ್ನು ಕಲಿಸುತ್ತಿದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಚ್.ಎಂ. ಮರುಳಸಿದ್ಧಯ್ಯನವರು ಈ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲು, ಬರೆಯಲು ಜೀವಮಾನವಿಡೀ ದುಡಿದರು. ಇಷ್ಟಾದರೂ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯು ಮಾಡುತ್ತೇನೆಂದ ಹುಡುಗಿಯ ಮನೆಯಲ್ಲಿ, ಅದನ್ನು ಕಲಿಯಲು ಕಾಲೇಜು ಬೇಕಾ ಎಂದು ಕೇಳುತ್ತಾರೆ. ಇದಕ್ಕೆ ನಾವು ಅಧ್ಯಾಪಕರೂ ಸ್ವಲ್ಪ ಹೊಣೆ. ರಸ್ತೆ ಗುಡಿಸುವುದು, ಗಿಡ ನೆಡುವುದು, ಜಾಥಾ ಹೋಗುವುದನ್ನೆಲ್ಲ ಕ್ಷೇತ್ರಕಾರ್ಯವೆಂದು ಬರೆಸಿ ಅಂಕ ಕೊಟ್ಟವರು ನಮ್ಮಲ್ಲಿಲ್ಲವೇ?

ಈಗ ಸ್ವಲ್ಪ ಹೊರದೇಶಕ್ಕೆ ಹೋಗೋಣ. ಸಮಾಜಕಾರ್ಯಕ್ಕೆ ಬಲವಾದ ಕಾನೂನು, ನೋಂದಣಿ, ಸಂಬಳ ಎಲ್ಲ ಇರುವ ಇಂಗ್ಲೆಂಡಿನಲ್ಲಿ ವೃತ್ತಿಯ ಹೆಸರು ಚೆನ್ನಾಗಿದೆಯೇ ಎಂದರೆ, ಇಲ್ಲ. 1987ರಲ್ಲಿ ಕ್ಲೀವ್‌ಲ್ಯಾಂಡ್ ಪ್ರದೇಶದಲ್ಲಿ ಕೆಲವೇ ತಿಂಗಳಲ್ಲಿ 121 ಮಕ್ಕಳಿಗೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ವೈದ್ಯರು ಹೇಳಿದರು, ಸಮಾಜಕಾರ್ಯಕರ್ತರು ಮಕ್ಕಳನ್ನು ಮನೆಯಿಂದ ತೆಗೆದರು, ಕೊನೆಗೆ ಹೆಚ್ಚಿನವರು ಮನೆಗೆ ಮರಳಿದರು. ಆಗ ಸಮಾಜಕಾರ್ಯಕರ್ತರು ಮಕ್ಕಳನ್ನು ಕಿತ್ತುಕೊಳ್ಳುವವರು. 2000ದಲ್ಲಿ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿಯೆ ತನ್ನನ್ನು ಸಾಕುತ್ತಿದ್ದವರ ಹಿಂಸೆಯಿಂದ ಸತ್ತಳು. ಆಗ ಅದೇ ಸಮಾಜಕಾರ್ಯಕರ್ತರು ಕಣ್ಣಿದ್ದೂ ನೋಡದವರು. 2007ರ ಆಗಸ್ಟ್‌ನಲ್ಲಿ ಲಂಡನ್ನಿನ ಹ್ಯಾರಿಂಗೆಯಲ್ಲಿ ಹದಿನೇಳು ತಿಂಗಳ ಮಗುವೊಂದು ಸತ್ತಿತು. ನ್ಯಾಯಾಲಯದ ನಿರ್ಬಂಧದಿಂದಾಗಿ ಜಗತ್ತು ಅದನ್ನು ಬೇಬಿ ಪಿ ಎಂದು ಕರೆಯಿತು. ಎಂಟು ತಿಂಗಳಲ್ಲಿ ಆ ಮಗುವನ್ನು ಬೇರೆ ಬೇರೆ ಅಧಿಕಾರಿಗಳು, ವೈದ್ಯರು 60 ಸಲ ಕಂಡಿದ್ದರು.

ಮರುವರ್ಷ ನವೆಂಬರಿನಲ್ಲಿ ಅಪರಾಧಿಗಳೆಂದು ತೀರ್ಮಾನವಾದವರು ಮಗುವಿನ ತಾಯಿ, ಆಕೆಯ ಜೊತೆಗಾರ, ಮನೆಯಲ್ಲಿದ್ದ ಇನ್ನೊಬ್ಬ. ಆದರೆ ‘ದಿ ಸನ್’ ಪತ್ರಿಕೆ ಶುರು ಮಾಡಿದ ಸಹಿ ಸಂಗ್ರಹದ ಗುರಿ ಮುಖ್ಯವಾಗಿ ಸಮಾಜಕಾರ್ಯ ವಿಭಾಗದವರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮಗುವಿನ ಗಾಯಗಳ ಬಗ್ಗೆ ಪೊಲೀಸರೂ ತನಿಖೆ ಮಾಡಿದ್ದರು, ಆದರೆ ಕೋಪ ಅತ್ತ ಅಷ್ಟಾಗಿ ಹರಿಯಲಿಲ್ಲ. ಮಕ್ಕಳ ಸೇವಾ ವಿಭಾಗದ ಮುಖ್ಯಸ್ಥೆ ಶ್ಯಾರನ್ ಶೂಸ್ಮಿತ್‌ರನ್ನು ಸಚಿವ ಎಡ್ ಬಾಲ್ಸ್ ಟೀವಿ ಕ್ಯಾಮೆರಾಗಳ ಮುಂದೆಯೇ ಹುದ್ದೆಯಿಂದ ಕೆಳಗಿಳಿಸಿದರು. ಅದು ಕಾನೂನುಬಾಹಿರ ಎಂದು ಮೇಲ್ಮನವಿ ನ್ಯಾಯಾಲಯ 2011ರಲ್ಲಿ ಹೇಳಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಅನುಮಾನ ಬಂದರೆ ಸಾಕು, ಮಗುವನ್ನು ತೆಗೆದುಬಿಡುವುದೇ ಕ್ಷೇಮ ಎಂಬ ಭಾವನೆ ಹಬ್ಬಿ ನ್ಯಾಯಾಲಯಗಳಿಗೆ ಅರ್ಜಿಗಳು ಏರಿದವು. ಯಾರ ಕ್ಷೇಮ ಎಂದು ಕೇಳಬೇಕು. ಅದೇ 2011ರಲ್ಲಿ ಪ್ರೊಫೆಸರ್ ಐಲೀನ್ ಮನ್ರೊ ಕೊಟ್ಟ ವರದಿಯ ತಿರುಳು, ಸಮಾಜಕಾರ್ಯಕರ್ತರ ಸಮಯವನ್ನು ನಮೂನೆ, ಗಡುವು, ಕಂಪ್ಯೂಟರು ತಿನ್ನುತ್ತಿವೆ, ಮಗುವಿನ ಜೊತೆ ಕೂರಲು ಪುರಸೊತ್ತಿಲ್ಲ ಎಂಬುದು. ಭಯಪಟ್ಟ ವೃತ್ತಿ ತನ್ನನ್ನು ಕಾಗದದಲ್ಲಿ ಕಾಪಾಡಿಕೊಳ್ಳುತ್ತದೆ.

ಇನ್ನು ನಮ್ಮ ಮಧ್ಯಮ ವರ್ಗಕ್ಕೆ ಮಕ್ಕಳ ರಕ್ಷಣೆ ಎಂದರೆ ನಾರ್ವೆ. 2011ರಲ್ಲಿ ಅಲ್ಲಿನ ಸ್ಟಾವೆಂಜರಿನಲ್ಲಿ ನೆಲೆಸಿದ್ದ ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಬಾರ್ನೆವೆರ್ನೆಟ್ ಎಂಬ ಮಕ್ಕಳ ಕಲ್ಯಾಣ ವ್ಯವಸ್ಥೆ ತೆಗೆದುಕೊಂಡಿತು. ಕೈಯಿಂದ ಉಣಿಸಿದ್ದು, ಜೊತೆಗೆ ಮಲಗಿಸಿಕೊಂಡದ್ದು ತಪ್ಪಾಯಿತಂತೆ ಎಂದು ನಮ್ಮ ಪತ್ರಿಕೆಗಳು ಬರೆದವು. ಭಾರತ ಸರ್ಕಾರ ಮಧ್ಯೆ ಬಂತು, 2012ರಲ್ಲಿ ಮಕ್ಕಳು ಚಿಕ್ಕಪ್ಪನ ಜೊತೆ ದೇಶಕ್ಕೆ ಮರಳಿದರು. 2023ರಲ್ಲಿ ‘ಮಿಸೆಸ್ ಚಟರ್ಜಿ ವರ್ಸಸ್ ನಾರ್ವೆ’ ಎಂಬ ಹಿಂದಿ ಸಿನಿಮಾ ಬಂದ ಮೇಲೆ ಆ ಚಿತ್ರ ಮನೆಮನೆಗೂ ತಲುಪಿತು. ನಾರ್ವೆ ನಿರಪರಾಧಿ ಎಂದು ನಾನು ವಾದಿಸುವುದಿಲ್ಲ. ಬೇರೊಂದು ಕುಟುಂಬದ ಪ್ರಕರಣದಲ್ಲಿ, ಕುಟುಂಬ ಜೀವನದ ಹಕ್ಕನ್ನು ಆ ದೇಶ ಉಲ್ಲಂಘಿಸಿದೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಹಿರಿಯ ಪೀಠವೇ 2019ರಲ್ಲಿ ತೀರ್ಪು ಕೊಟ್ಟಿದೆ. ಹೊರದೇಶದ ಕನ್ನಡ ಕೂಟಗಳಲ್ಲಿ ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರು ಈ ಬಗ್ಗೆ ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುವುದರಲ್ಲಿ ಅರ್ಥವಿದೆ.

ಆದರೆ ಆ ಭಯವನ್ನು ಆಮದು ಮಾಡಿಕೊಂಡು ಇಲ್ಲಿನ ವ್ಯವಸ್ಥೆಯನ್ನು ಅಳೆಯಲು ಹೊರಟರೆ ದಾರಿ ತಪ್ಪುತ್ತೇವೆ. ಇಲ್ಲಿ ಮಗುವನ್ನು ಎಲ್ಲಿಡಬೇಕೆಂದು ನಿರ್ಧರಿಸುವುದು ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಮಕ್ಕಳ ಕಲ್ಯಾಣ ಸಮಿತಿ. ಅದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಸಮಾಜಕಾರ್ಯಕರ್ತರು ವರದಿ ಕೊಡುವವರು. ಮನೆಗೆ ನುಗ್ಗಿ ಮಗುವನ್ನು ಎತ್ತಿಕೊಂಡು ಹೋಗುವಷ್ಟು ಕೈಯೂ ಕಾಲೂ ನಮ್ಮ ವ್ಯವಸ್ಥೆಗೆ ಇಲ್ಲ. ನಮ್ಮ ಓಣಿಗಳಲ್ಲಿ ಕೇಳಿಬರುವ ದೂರು ಅವರು ಬಂದರು ಎಂಬುದಲ್ಲ, ಎಷ್ಟು ಹೇಳಿದರೂ ಯಾರೂ ಬರಲಿಲ್ಲ ಎಂಬುದು.

ಬಂದವರ ಮೇಲೆ ನಂಬಿಕೆ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು 2018 ತೋರಿಸಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿಗೆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಯುವಕ ಬಲಿಯಾದ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್. ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತು. ಆ ದಿನಗಳಲ್ಲಿ ಕ್ಷೇತ್ರಕ್ಕೆ ಹೊರಟ ವಿದ್ಯಾರ್ಥಿಗಳಿಗೆ, ಅಂಗನವಾಡಿ ಟೀಚರ್ ಜೊತೆಗಿಲ್ಲದೆ ಯಾವ ಓಣಿಯನ್ನೂ ಹೊಗಬೇಡಿ, ಮಕ್ಕಳಿಗೆ ಏನನ್ನೂ ಕೊಡಬೇಡಿ ಎಂದು ನಾವು ಹೇಳಿ ಕಳಿಸುತ್ತಿದ್ದೆವು. ಮಗುವಿನ ಜೊತೆ ಮಾತಾಡುವುದೇ ಯಾರ ಕಸುಬೋ ಅವರಿಗೆ ಮಗುವನ್ನು ಮಾತಾಡಿಸಬೇಡಿ ಎಂದು ಹೇಳುವ ಕಾಲ.

ಅದೇ ವರ್ಷ ಬಿಹಾರದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ರಾಜ್ಯ ಸರ್ಕಾರವೇ ತನ್ನ ಆಶ್ರಯಧಾಮಗಳ ಸಾಮಾಜಿಕ ಪರಿಶೋಧನೆಯನ್ನು ಟಾಟಾ ಸಂಸ್ಥೆಯ ‘ಕೋಶಿಶ್’ ತಂಡಕ್ಕೆ ಒಪ್ಪಿಸಿತ್ತು. ಬೀದಿಯಲ್ಲಿ ಬದುಕುವವರ, ಭಿಕ್ಷುಕರ ನಡುವೆ ಕೆಲಸ ಮಾಡಿ ಪಳಗಿದ ತಂಡ ಅದು. 110 ಸಂಸ್ಥೆಗಳನ್ನು ಅವರು ನೋಡಿದರು. ಅಧಿಕಾರಿಗಳು ಅವಕ್ಕೆ ಮೊದಲೂ ತಪಾಸಣೆಗೆ ಹೋಗಿಬಂದಿದ್ದರು, ರಿಜಿಸ್ಟರಿಗೆ ಸಹಿ ಹಾಕಿದ್ದರು. ಈ ತಂಡ ರಿಜಿಸ್ಟರ್ ನೋಡಿ ಸುಮ್ಮನಾಗಲಿಲ್ಲ, ಮಕ್ಕಳ ಜೊತೆ ಕೂತು ಮಾತಾಡಿತು. 2018ರ ಏಪ್ರಿಲ್‌ನಲ್ಲಿ ಸಲ್ಲಿಸಿದ ವರದಿ 17 ಸಂಸ್ಥೆಗಳ ಬಗ್ಗೆ ಗಂಭೀರ ಆತಂಕ ವ್ಯಕ್ತಪಡಿಸಿತು. ಅದರಲ್ಲೊಂದು ಮುಜಫ್ಫರ್‌ಪುರದ ಬಾಲಕಿಯರ ಗೃಹ, ಅಲ್ಲಿನ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತಿತ್ತು. ಮುಂದೆ ಸಿಬಿಐ ತನಿಖೆಯಾಯಿತು, ಸುಪ್ರೀಂ ಕೋರ್ಟ್ ವಿಚಾರಣೆಯನ್ನು ದೆಹಲಿಗೆ ವರ್ಗಾಯಿಸಿತು, 2020ರ ಜನವರಿಯಲ್ಲಿ 19 ಮಂದಿ ಅಪರಾಧಿಗಳೆಂದು ತೀರ್ಪು ಬಂತು.

ಈ ಪ್ರಕರಣ ಎಲ್ಲರಿಗೂ ನೆನಪಿದೆ. ಅದನ್ನು ಹೊರತಂದದ್ದು ಸಮಾಜಕಾರ್ಯಕರ್ತರ ವರದಿ ಎಂಬುದು ಎಷ್ಟು ಜನಕ್ಕೆ ನೆನಪಿದೆ? ಹಾಗೆಂದು ಬೆನ್ನು ತಟ್ಟಿಕೊಂಡು ಕೂರುವಂತೆಯೂ ಇಲ್ಲ. ಆ 19 ಮಂದಿಯಲ್ಲಿ ಜಿಲ್ಲೆಯ ಮಕ್ಕಳ ರಕ್ಷಣಾಧಿಕಾರಿಯೂ ಇದ್ದ, ಮಕ್ಕಳ ಕಲ್ಯಾಣ ಸಮಿತಿಯ ಮಾಜಿ ಅಧ್ಯಕ್ಷನೂ ಇದ್ದ. ಕಾವಲಿಗೆ ನೇಮಿಸಿದವರೇ ಕಳ್ಳರ ಜೊತೆ ಸೇರಿದ್ದರು. ಆ ಕಳವನ್ನು ಹಿಡಿದವರೂ ಇದೇ ಕಸುಬಿನವರು, ಅವರು ಬಳಸಿದ್ದು ನಾವು ಮೊದಲ ಸೆಮಿಸ್ಟರಿನಲ್ಲಿ ಕಲಿಸುವ ಪಾಠ: ಮಗುವಿನ ಮಟ್ಟಕ್ಕೆ ಕೂತು, ಅವಸರವಿಲ್ಲದೆ ಕೇಳಿಸಿಕೊಳ್ಳುವುದು. ನಮ್ಮ ವೃತ್ತಿಯ ಬಗ್ಗೆ ಯಾರಾದರೂ ಕೇಳಿದರೆ ನಾನು ಈ ಎರಡೂ ಮುಖಗಳನ್ನು ಒಟ್ಟಿಗೇ ಹೇಳುತ್ತೇನೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಿದರೆ ಕೇಳುವವರು ನಂಬುವುದಿಲ್ಲ, ನಂಬಲೂಬಾರದು.

ಇನ್ನು ನಮ್ಮ ಮನೆಯ ಲೆಕ್ಕ. ಇವತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳು ಕೇಂದ್ರದ ಮಿಷನ್ ವಾತ್ಸಲ್ಯದಡಿ ನಡೆಯುತ್ತವೆ. 2009ರಲ್ಲಿ ಇದರ ಹಿಂದಿನ ಯೋಜನೆ ಶುರುವಾದಾಗ ಒಂದು ಘಟಕಕ್ಕೆ ನಿಗದಿಯಾದ ಕ್ಷೇತ್ರ ಕಾರ್ಯಕರ್ತರು ಇಬ್ಬರು. ಇಡೀ ಜಿಲ್ಲೆಗೆ ಇಬ್ಬರು! ಹೆಚ್ಚಿನ ಹುದ್ದೆಗಳು ಗುತ್ತಿಗೆಯವು. ಪ್ರತಿ ವರ್ಷ ನವೀಕರಣ, ಅನುದಾನ ತಡವಾದರೆ ಸಂಬಳ ತಡ. 1996ರಲ್ಲಿ ಜೆರೂ ಬಿಲ್ಲಿಮೋರಿಯಾ ಅವರು ಟಾಟಾ ಸಂಸ್ಥೆಯಲ್ಲಿದ್ದಾಗ ಮುಂಬೈಯ ಬೀದಿ ಮಕ್ಕಳಿಗಾಗಿ ಶುರು ಮಾಡಿದ 1098 ಸಹಾಯವಾಣಿ ವರ್ಷಾನುಗಟ್ಟಲೆ ಸ್ವಯಂಸೇವಾ ಸಂಸ್ಥೆಗಳ ಕೈಯಲ್ಲಿತ್ತು. 2023ರಲ್ಲಿ ಸರ್ಕಾರದ ಕೈಗೆ ಬಂತು, 112ರ ಜೊತೆ ಜೋಡಿಸಲಾಯಿತು. ಒಳ್ಳೆಯದೋ ಕೆಟ್ಟದ್ದೋ, ಕೆಲವು ವರ್ಷ ಕಳೆದು ಹೇಳೋಣ. ಹತ್ತಾರು ವರ್ಷ ರಾತ್ರಿ ಪಾಳಿ ಮಾಡಿದ ಕಾರ್ಯಕರ್ತರಲ್ಲಿ ಎಷ್ಟೋ ಮಂದಿ ಆ ಬದಲಾವಣೆಯಲ್ಲಿ ಕೆಲಸ ಕಳೆದುಕೊಂಡರು. ಅದಂತೂ ಯಾವ ಪತ್ರಿಕೆಯ ಮುಖಪುಟಕ್ಕೂ ಬರಲಿಲ್ಲ.

ಗುತ್ತಿಗೆಯ ಕಾರ್ಯಕರ್ತೆಗೆ ಆಗುವ ಕಷ್ಟ ಸಂಬಳದ್ದಷ್ಟೇ ಅಂದುಕೊಳ್ಳಬೇಡಿ. ಗ್ರಾಮದ ಬಲಾಢ್ಯನ ಮನೆಯಲ್ಲಿ ದುಡಿಯುವ ಹುಡುಗಿಯ ಬಗ್ಗೆ ವರದಿ ಬರೆಯುವಾಗ ಆಕೆಯ ಕೈ ಒಂದು ಕ್ಷಣ ತಡೆಯುತ್ತದೆ. ಮಾರ್ಚಿನಲ್ಲಿ ನವೀಕರಣವಿದೆ, ಒಂದು ಫೋನ್ ಕರೆ ಸಾಕು. ವಕೀಲರಿಗೆ ಪರಿಷತ್ತಿದೆ, ದಾದಿಯರಿಗೆ ಪರಿಷತ್ತಿದೆ. ಸಮಾಜಕಾರ್ಯಕ್ಕೆಂದೇ ಶಾಸನಬದ್ಧವಾದ ಮಂಡಳಿ ದೇಶದಲ್ಲಿ ಇನ್ನೂ ಇಲ್ಲ. ಆಸ್ಪತ್ರೆಯ, ಮನೋವೈದ್ಯಕೀಯ ಸಮಾಜಕಾರ್ಯಕರ್ತರು 2021ರ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಸೇರಿದ್ದಾರೆ, ಅಷ್ಟು ಬಂತು. ಮಂಡಳಿ ಬೇಕು ಎಂದು ನಮ್ಮ ಸಂಘಗಳು ಕೇಳುವಾಗ ಮಾನ್ಯತೆಯ ಮಾತು ಜೋರಾಗಿ, ಶಿಸ್ತುಕ್ರಮದ ಮಾತು ಮೆಲ್ಲಗೆ ಬರುತ್ತದೆ. ನನಗೆ ಎರಡನೆಯದೇ ಮುಖ್ಯ. ತಪ್ಪು ಮಾಡಿದವರ ನೋಂದಣಿ ರದ್ದು ಮಾಡುವ ಜಾಗ ಇದ್ದರೆ, ತಪ್ಪು ಮಾಡದವರನ್ನು ಫೋನ್ ಕರೆಯಿಂದ ಕಾಪಾಡುವ ಜಾಗವೂ ಅದೇ ಆಗುತ್ತದೆ.

ಕೊನೆಯದಾಗಿ, 74ನೇ ಕಲಂ ಮುಚ್ಚಿಡಲು ಹೇಳಿದ್ದು ಮಗುವಿನ ಗುರುತನ್ನು. ನಾವು ಅದರ ನೆರಳಿನಲ್ಲಿ ನಮ್ಮ ಕೆಲಸವನ್ನೂ ಮುಚ್ಚಿಟ್ಟಿದ್ದೇವೆ. ಯಾವುದಾದರೂ ಗೃಹದಲ್ಲಿ ಮಗು ಸತ್ತರೆ, ಓಡಿಹೋದರೆ, ವಿಚಾರಣೆ ಆಗುತ್ತದೆ. ವರದಿ ಕಡತ ಸೇರುತ್ತದೆ, ಗೋಪ್ಯತೆ ಎಂಬ ಉತ್ತರ ಬರುತ್ತದೆ. ಬೇಬಿ ಪಿ ಪ್ರಕರಣದ ನಂತರ ಇಂಗ್ಲೆಂಡ್ ಒಂದು ಒಳ್ಳೆಯ ಕೆಲಸ ಮಾಡಿತು. ಮಗು ಸತ್ತಾಗ, ತೀವ್ರ ಹಾನಿಯಾದಾಗ ನಡೆಸುವ ಪರಾಮರ್ಶೆಯನ್ನು, ಗುರುತು ಸಿಗುವ ವಿವರ ತೆಗೆದು, ಪೂರ್ತಿಯಾಗಿ ಪ್ರಕಟಿಸಬೇಕೆಂದು 2010ರಲ್ಲಿ ನಿರ್ಧರಿಸಿತು. ಯಾವ ದಿನ ಯಾರು ಹೋದರು, ಏನು ಕಂಡರು, ಯಾರಿಗೆ ತಿಳಿಸಿದರು, ಎಲ್ಲಿ ಕೊಂಡಿ ಕಳಚಿತು ಎನ್ನುವುದನ್ನು ಯಾರು ಬೇಕಾದರೂ ಓದಬಹುದು. ನಮ್ಮ ಎಂಎಸ್‌ಡಬ್ಲ್ಯು ತರಗತಿಗಳಲ್ಲಿ ಲಂಡನ್ನಿನ ಮಗುವಿನ ಪರಾಮರ್ಶೆ ಓದಿಸುತ್ತೇವೆ, ಕಲಬುರಗಿಯದೋ ಕೋಲಾರದ್ದೋ ಓದಿಸಲು ಸಿಗುವುದಿಲ್ಲ.

ಅಷ್ಟು ದೊಡ್ಡ ಬದಲಾವಣೆ ಆಗುವವರೆಗೆ ಕಾಯಬೇಕಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಕೆಲಸವನ್ನು ಜಿಲ್ಲಾಧಿಕಾರಿ ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದು ಬಾಲನ್ಯಾಯ ಕಾಯ್ದೆಯ 27ನೇ ಕಲಂ ಹೇಳುತ್ತದೆ. ಆ ಸಭೆಯ ಅಂಕಿಗಳನ್ನು ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಕೇಳಬಹುದು. ತಡೆದ ಮದುವೆ ಎಷ್ಟು ಎಂದು ಕೇಳಬೇಡಿ, ಅದನ್ನು ಅವರೇ ಹೇಳುತ್ತಾರೆ. ಎಷ್ಟು ಸಾಮಾಜಿಕ ತನಿಖಾ ವರದಿಗಳು ಹದಿನೈದು ದಿನದೊಳಗೆ ಬಂದವು? ಎಷ್ಟರಲ್ಲಿ ಮಗುವಿನ ಮಾತು ಮಗುವಿನದೇ ರೀತಿಯಲ್ಲಿ ದಾಖಲಾಗಿದೆ, ಎಷ್ಟರಲ್ಲಿ ಒಂದೇ ವಾಕ್ಯ ಪ್ರತಿ ವರದಿಯಲ್ಲೂ ನಕಲಾಗಿದೆ? ಮನೆಗೆ ಮರಳಿದ ಮಕ್ಕಳಲ್ಲಿ ಎಷ್ಟು ಮಂದಿಯ ಮನೆಗೆ ಆರು ತಿಂಗಳ ನಂತರ ಯಾರಾದರೂ ಹೋದರು? ಆ ತ್ರೈಮಾಸಿಕದಲ್ಲಿ ಖಾಲಿ ಇದ್ದ ಹುದ್ದೆಗಳು ಎಷ್ಟು? ಯಾವುದಕ್ಕೂ ಮಗುವಿನ ಹೆಸರು ಬೇಕಿಲ್ಲ. ವಿದ್ಯಾರ್ಥಿಗಳು ಈ ಅರ್ಜಿ ಬರೆಯುವುದನ್ನೇ ಈ ಸೆಮಿಸ್ಟರಿನ ಒಂದು ಕ್ಷೇತ್ರಕಾರ್ಯವಾಗಿ ಇಟ್ಟುಕೊಳ್ಳಲಿ ಎಂದು ವಿಭಾಗದ ಮುಖ್ಯಸ್ಥರಲ್ಲಿ ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ, ಅಂಕ ಎಷ್ಟೆಂದು ಮಾತ್ರ ಇನ್ನೂ ಹೇಳಿಲ್ಲ.

ಸಂಘಟಕರು ಪ್ರಶ್ನೆಗಳಿಗೆ ಅರ್ಧ ಗಂಟೆ ಇಟ್ಟಿದ್ದಾರೆ. ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿಯಿಂದ ಶುರುವಾಗಲಿ. ನಾನು ಹೇಳಿದ್ದರಲ್ಲಿ ಯಾವುದು ಕಾಗದದಲ್ಲಿ ಮಾತ್ರ ನಿಜ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಈ ಸಭಾಂಗಣದಲ್ಲಿ ಬೇರೆ ಯಾರೂ ಇಲ್ಲ.